ನಾಲ್ಕು ಬೆರಳು ಅರಿವಿ

ಮೊದಲ ವಾರವೇ ಕಾಲೇಜಿನ ಪತ್ರ:
ಗುರುವಾರದ ರಾತ್ರಿಯೂಟಕ್ಕೆ ಕಪ್ಪು ಗೌನು ಕಡ್ಡಾಯ,
ಆರುನೂರ ನಲವತ್ತು ರಿಯಾಲು, ನಮ್ಮ ಮಳಿಗೆಯಲ್ಲಿ ಲಭ್ಯ.

ನಜ್ಮಾದ ಗಲ್ಲಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ
ಇಪ್ಪತ್ತಾರು ವರ್ಷದಿಂದ ಅಬಾಯಾ ಹೊಲಿಯುವ ಅಪ್ಪ
ಇಂಗ್ಲಿಷು ಬಿಟ್ಟು ಚಿತ್ರವನ್ನಷ್ಟೇ ಓದಿದ.
"ಇದರಾಗೇನೈತಿ? ಬೆನ್ನಿಗೆ ನೆರಿಗಿ, ಅಗಲ ತೋಳು.
ಅಬಾಯಾನ ಇದು. ಮುಂದ ಗುಂಡಿ ಹಚ್ಚೂದು ಮರತಾರ."
ಯಾರೋ ಅಳತೆ ಕೊಟ್ಟು ಮರಳಿ ಬಾರದೆ ಉಳಿದ ತುಂಡು
ಎರಡು ರಾತ್ರಿಯಲ್ಲಿ ನನ್ನ ಹೆಗಲೇರಿತು.

ನಮ್ಮದು ಏಳು ಕಾಲೇಜುಗಳ ವಿಶ್ವವಿದ್ಯಾಲಯ,
ದೋಹಾ ಮುಗಿದು ಮರಳು ಶುರುವಾಗುವಲ್ಲಿ.
ಏಳಕ್ಕೂ ಏಳು ಅಂಗಳ, ಅಂಗಳಕ್ಕೊಂದು ಹುಲ್ಲುಹಾಸು,
ಅದರ ಮೇಲೆ ಅಧ್ಯಾಪಕರು ಮಾತ್ರ ನಡೆಯಬಹುದು.
ಮತ್ತೆ, ದಿನವಿಡೀ, ಪೈಪು ಹಿಡಿದ ನೇಪಾಳದ ತಿಲಕ್.
ನಡುವೆ, ಬೇಲಿಯೊಳಗೆ, ಕಾಲೇಜಿಗೆ ಹೆಸರು ಕೊಟ್ಟ ಸಿದ್ರಾ ಮರ.
ಪೆಟ್ಟಿಗೆ ಇಳಿಸಲು ಬಂದ ಅಪ್ಪ ತಲೆಯೆತ್ತಿ ನೋಡಿ,
"ಬಾರಿ ಗಿಡ. ಬಾರಿಹಣ್ಣಿಗೆ ಇಷ್ಟು ಕಾವಲೇನ?"

ನನ್ನ ವಿಷಯ ಮರಳದಿಬ್ಬಗಳು:
ಅವು ಗಾಳಿಗೆ ಹೇಗೆ ನಡೆಯುತ್ತವೆ, ವರ್ಷಕ್ಕೆಷ್ಟು ಮಾರು.
ವಾರಕ್ಕೊಂದು ಪ್ರಬಂಧ, ಗುರುವಿನೆದುರು ಕೂತು ಗಟ್ಟಿಯಾಗಿ ಓದಬೇಕು.
ಇಬ್ತಿಸಾಮ್ ಅಂದರೆ ಮುಗುಳ್ನಗೆಯಂತೆ.
ಸೋಮವಾರ ಅದನ್ನವರು ಮನೆಯಲ್ಲೇ ಬಿಟ್ಟು ಬರುತ್ತಾರೆ.
"ಇದು ಅವರಂದದ್ದು, ಇದು ಇವರಂದದ್ದು.
ಚಂದ್ರಭಾಗಾ, ನೀನು ದಿಬ್ಬ ನೋಡಿದ್ದೀಯಾ?"

ನೋಡಿರಲಿಲ್ಲ. ಹತ್ತೊಂಬತ್ತು ವರ್ಷ ಇಲ್ಲೇ ಹುಟ್ಟಿ ಬೆಳೆದು
ಮರಳನ್ನು ಒರೆಸಿದ್ದೆ, ಕಿಟಕಿಯಿಂದ, ಮಿಷನ್ನಿನ ಹಲ್ಲಿನಿಂದ.

ಹೊರಗೆ ನಲವತ್ತಮೂರು, ಗ್ರಂಥಾಲಯದೊಳಗೆ ಹದಿನೆಂಟು.
ರಾತ್ರಿ ಎರಡಕ್ಕೆ ಗೌನೇ ಕಂಬಳಿ.
ಒಂದಿರುಳು ಚಳಿಗೆ ಬೆರಳು ಹುದುಗಿಸಹೋಗಿ
ಹೊಲಿಗೆಯೊಳಗೆ ಸಿಕ್ಕಿತು, ಎರಡೂ ಮಗ್ಗುಲಿಗೆ,
ನಾಲ್ಕು ಬೆರಳು ಮಡಚಿಟ್ಟ ಬಟ್ಟೆ.
ಫೋನು ಹಚ್ಚಿದೆ. ಅಪ್ಪನೂ ಎಚ್ಚರ, ಈದ್ ಹತ್ತಿರವಿತ್ತು.
"ನಾನಿನ್ನು ಬೆಳೆಯೂದಿಲ್ಲಪ್ಪಾ."
ಮಿಷನ್ನು ನಿಂತ ಸದ್ದು.
"ಎಲ್ಲಾ ಗಿರಾಕಿ ಹಂಗ ಅಂತಾವ. ಒಳಗ ಅರಿವಿ ಬಿಟ್ಟೀನಿ.
ಬಿಗಿ ಆದಾಗ ಬಿಚ್ಚು."

ಅರಿವಿ. ಗದಗಿನಿಂದ ಅಪ್ಪ ತಂದ ಮಾತು, ಬಟ್ಟೆಗೆ.
ಶುಕ್ರವಾರದ ಕನ್ನಡ ಕ್ಲಾಸಿನಲ್ಲಿ, ಏಳನೆಯ ವಯಸ್ಸಿಗೆ,
'ಅರಿವು' ಬಳಸಿ ವಾಕ್ಯ ಮಾಡಿ ಅಂದಾಗ ನಾನು ಬರೆದಿದ್ದೆ:
ನಮ್ಮಪ್ಪ ಅರಿವು ಹೊಲಿಯುತ್ತಾನೆ.
ಕೆಂಪು ಗೆರೆ ಬಿತ್ತು. ಅರ್ಧ ಅಂಕವೂ ಬಿತ್ತು.

ಆ ಶನಿವಾರ ಲುಲ್ವಾಳ ಕಾರಿನಲ್ಲಿ ದಕ್ಷಿಣಕ್ಕೆ ಹೋದೆವು.
ದಿಬ್ಬದ ನೆತ್ತಿಯಿಂದ ಜಾರಿದರೆ ಅದು ಗುಂಯ್ ಎನ್ನುತ್ತದೆ,
ದೂರದ ಕೋಣೆಯಲ್ಲಿ ಯಾರೋ ಪೆಡಲು ತುಳಿದ ಹಾಗೆ.
ಸೋಮವಾರ ಅಷ್ಟನ್ನೇ ಓದಿದೆ, ಒಂದೂವರೆ ಪುಟ.
ಇಬ್ತಿಸಾಮ್ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. "ಮುಂದೆ?" ಅಂದರು.
ಮುಂದೆ ಇರಲಿಲ್ಲ.

ನನ್ನ ತೋಳಿನ ಅಂಚು ತಿರುವಿ ನೋಡಿದವಳು ಲುಲ್ವಾ.
ಅವಳಜ್ಜಿಗೆ ಹೊಲಿಗೆ ನೋಡಿ ದರ್ಜಿಯ ಊರು ಹೇಳುವ ಚಟ.
"ಇದು ಯಾರ ಕೈ?"
ಮರುವಾರ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಹನ್ನೊಂದು ಹುಡುಗಿಯರು,
ಅಪ್ಪನ ಬಾಯಲ್ಲಿ ಸೂಜಿ, ಕೊರಳಲ್ಲಿ ಟೇಪು, ದರ ನೂರಿಪ್ಪತ್ತು.

ಮತ್ತೊಂದು ಪತ್ರ: ಇನ್ನು ಮುಂದೆ
ಗೌನನ್ನು ಕಾಲೇಜಿನ ಮಳಿಗೆಯಲ್ಲೇ ಕೊಳ್ಳತಕ್ಕದ್ದು.
ಓದಿ ಹೇಳಿದೆ. ಅಪ್ಪ ಕತ್ತರಿ ಕೆಳಗಿಡಲಿಲ್ಲ.
"ಹನ್ನೊಂದು ಆಗ್ಲೇ ಕತ್ತರಿಸೀನಿ."

ಗುರುವಾರ. ಉದ್ದ ಮೇಜು, ಗಂಟೆ, ಎಲ್ಲರೂ ಎದ್ದು ನಿಂತರು.
ಮೇಲ್ವಿಚಾರಕರು ಸಾಲುಸಾಲಾಗಿ ಕಣ್ಣಾಡಿಸಿದರು.
ದೀಪದ ಕೆಳಗೆ ಕಪ್ಪೆಲ್ಲ ಒಂದೇ ಕಪ್ಪು.
ಸೂಪು ಬಂತು.